60 ಅಂಕ ಅಂದರೆ ಎಷ್ಟು?

ಒಬ್ಬಳಿಗೆ ಗಣಿತದಲ್ಲಿ 60 ಅಂಕ. ಬೇರೆ ಪ್ರಶ್ನೆಪತ್ರಿಕೆ ಬರೆದ ಇನ್ನೊಬ್ಬಳಿಗೆ 70. ಯಾರಿಗೆ ಗಣಿತ ಚೆನ್ನಾಗಿ ಬರುತ್ತದೆ? ಹೇಳಲು ಆಗುವುದಿಲ್ಲ. ಎರಡನೆಯ ಪತ್ರಿಕೆ ಸುಲಭವಿತ್ತೋ ಏನೋ, ಅಲ್ವಾ? ಒಂದೇ ಅಂಕದಲ್ಲಿ ಬರೆದವರ ಕಲಿಕೆಯೂ ಪತ್ರಿಕೆಯ ಕಷ್ಟವೂ ಕಲಸಿಹೋಗಿರುತ್ತವೆ.

ಅಂಕವನ್ನು ಸುಮ್ನೆ ನಂಬಬಾರದು ಎಂಬ ಅನುಮಾನ ಹಳೆಯದು. 1888ರಲ್ಲೇ ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ಎಜ್‌ವರ್ತ್ ಪರೀಕ್ಷೆಯ ಅಂಕದಲ್ಲಿ ಎಷ್ಟು ಪಾಲು ಅದೃಷ್ಟ ಎಂದು ಲೆಕ್ಕ ಹಾಕಲು ಹೊರಟಿದ್ದರು. 1904ರಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಅಳತೆಯಲ್ಲಿ ನುಸುಳುವ ತಪ್ಪನ್ನು ಲೆಕ್ಕಕ್ಕೆ ತಂದರು. ಸಿಕ್ಕ ಅಂಕ ಅಂದರೆ ನಿಜವಾದ ಅಂಕ, ಜೊತೆಗೊಂದಿಷ್ಟು ತಪ್ಪು ಎಂಬ ವಿಚಾರ ಬೆಳೆದದ್ದು ಇಲ್ಲಿಂದ. ಆದರೂ ಒಂದು ತೊಡಕು ಉಳಿಯಿತು. ಪ್ರಶ್ನೆ ಎಷ್ಟು ಕಷ್ಟ ಎಂಬುದನ್ನು ಶೇಕಡಾ ಎಷ್ಟು ಜನ ಸರಿ ಮಾಡಿದರು ಎಂದು ನೋಡಿ ಹೇಳುತ್ತಿದ್ದರು. ಚುರುಕಾದ ಗುಂಪು ಬರೆದರೆ ಅದೇ ಪ್ರಶ್ನೆ ಸುಲಭ, ಚಿಕ್ಕವರು ಬರೆದರೆ ಕಷ್ಟ. ಎಳೆದರೆ ಹಿಗ್ಗುವ ರಬ್ಬರಿನ ಅಳತೆಪಟ್ಟಿ!

ಇದನ್ನು ಬಿಡಿಸಿದವರಲ್ಲಿ ನನಗೆ ಜಾಸ್ತಿ ಇಷ್ಟ ಡೆನ್ಮಾರ್ಕಿನ ಗಣಿತಜ್ಞ ಗಿಯೋರ್ಗ್ ರಾಶ್. 1950ರ ದಶಕದಲ್ಲಿ ಅವರ ಮುಂದಿದ್ದದ್ದು ಓದಲು ಕಷ್ಟಪಡುವ ಮಕ್ಕಳ ಅಂಕಿಅಂಶ. ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ಪರೀಕ್ಷೆ. ಮಗು ಮುಂದೆ ಹೋಗಿದೆಯೇ ಎಂದು ಹೇಳಬೇಕಿತ್ತು. 1960ರಲ್ಲಿ ಪುಸ್ತಕವಾಗಿ ಬಂದ ಅವರ ಮಾದರಿ ಹಗ್ಗಜಗ್ಗಾಟದಂತೆ. ಒಂದು ತುದಿಯಲ್ಲಿ ವಿದ್ಯಾರ್ಥಿ, ಇನ್ನೊಂದು ತುದಿಯಲ್ಲಿ ಪ್ರಶ್ನೆ. ಇಬ್ಬರ ಬಲವೂ ಸಮವಾಗಿದ್ದರೆ ಉತ್ತರ ಸರಿಯಾಗುವ ಸಾಧ್ಯತೆ ಶೇಕಡಾ 50. ಈ ಮಾದರಿಯ ಅಳತೆಯಲ್ಲಿ ವಿದ್ಯಾರ್ಥಿಯ ಬಲ ಒಂದು ಘಟಕ ಹೆಚ್ಚಿದ್ದರೆ ಸುಮಾರು 73. ಎರಡೂ ಒಂದೇ ಅಳತೆಪಟ್ಟಿಯ ಮೇಲೆ ಕೂತಿರುವುದರಿಂದ, ಎರಡು ಪತ್ರಿಕೆಗಳಲ್ಲಿ ಕೆಲವು ಪ್ರಶ್ನೆಗಳು ಒಂದೇ ಆಗಿದ್ದರೆ ಸಾಕು, ಉಳಿದವನ್ನೂ ಹೋಲಿಸಬಹುದು.

ಅಮೆರಿಕದಲ್ಲಿ ಫ್ರೆಡರಿಕ್ ಲಾರ್ಡ್ ಇದೇ ಜಾಡಿನಲ್ಲಿದ್ದರು. 1968ರಲ್ಲಿ ಆಲನ್ ಬರ್ನ್‌ಬಾಮ್ ಊಹಿಸಿ ಗುರುತು ಹಾಕುವವರನ್ನೂ ಲೆಕ್ಕಕ್ಕೆ ಸೇರಿಸಿದರು. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳು ಬರೆಯುವ, 2000ದಲ್ಲಿ ಶುರುವಾದ ಪೀಸಾ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳಿರುವುದಿಲ್ಲ. ಆದರೂ ದೇಶಗಳನ್ನು ಒಂದೇ ಪಟ್ಟಿಯಲ್ಲಿಟ್ಟು ನೋಡಲು ಆಗುವುದು ಈ ಲೆಕ್ಕದಿಂದಲೇ.

ಮಾದರಿ ಬಂದ ಮಾತ್ರಕ್ಕೆ ತಪ್ಪು ಮಾಯವಾಗುವುದಿಲ್ಲ. ಎಷ್ಟು ತಪ್ಪಿರಬಹುದು ಎಂದು ಗೊತ್ತಾಗುತ್ತದೆ, ಅಷ್ಟೇ. ವಿದ್ಯಾರ್ಥಿಯ ಮಟ್ಟಕ್ಕೆ ಹತ್ತಿರದ ಪ್ರಶ್ನೆಗಳಿದ್ದರೆ ತಪ್ಪು ಕಡಿಮೆ, ದೂರ ಹೋದಂತೆ ಜಾಸ್ತಿ. ಎಲ್ಲ ಪ್ರಶ್ನೆಯನ್ನೂ ಸರಿ ಮಾಡಿ ನೂರಕ್ಕೆ ನೂರು ತಂದವಳ ಬಲ ಎಷ್ಟು ಎಂದು ಕೇಳಿದರೆ, ರಾಶ್ ಲೆಕ್ಕ ನೇರವಾಗಿ ಯಾವ ಸಂಖ್ಯೆಯನ್ನೂ ಕೊಡುವುದಿಲ್ಲ. ಅವಳನ್ನು ಸೋಲಿಸಿದ ಪ್ರಶ್ನೆ ಒಂದೂ ಇಲ್ಲವಲ್ಲ.