ಆಮೆಮರಿಯ ಬೆನ್ನಿಗೆ ಎಣ್ಣೆ ಹಚ್ಚಬೇಕಾ?

ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಒಂದು ಫೋಟೊ ಕಳಿಸಿದಳು. ಗ್ರಾಫ್ ಹಾಳೆಯ ಮೇಲೆ ಕೂತ ಆಮೆಮರಿ. ಹೆಸರು ಗುಂಡ. ಹಾಳೆಯ ಚೌಕಗಳನ್ನು ಎಣಿಸಿದರೆ ಉದ್ದ 6 ಸೆಂಟಿಮೀಟರಿಗಿಂತ ಚೂರು ಜಾಸ್ತಿ. ಕೆಳಗೆ ಒಂದೇ ಸಾಲು: "ಮಾಮ, ಇವನ ಬೆನ್ನು ಯಾಕೆ ಹೀಗೆ ಗುಡ್ಡಗುಡ್ಡ ಆಗ್ತಿದೆ?"

ಫೋಟೊ ದೊಡ್ಡದು ಮಾಡಿ ನೋಡಿದೆ. ನಯವಾದ ಗುಮ್ಮಟದ ಹಾಗೆ ಇರಬೇಕಾದ ಬೆನ್ನು. ಇಲ್ಲಿ ಒಂದೊಂದು ಬಿಲ್ಲೆಯೂ ನಡುವೆ ಮೇಲಕ್ಕೆದ್ದು, ಅಂಚಿನಲ್ಲಿ ಒಳಗಿಳಿದಿತ್ತು. ಪುಟಾಣಿ ಇಡ್ಲಿಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೈಸೂರಿನಿಂದ ಅಕ್ಕನ ಉತ್ತರ ನನಗಿಂತ ಮೊದಲೇ ಬಂದಿತ್ತು: "ದಿನಾ ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚೇ. ಎಲ್ಲಾ ಸರಿ ಹೋಗುತ್ತೆ."

ಆ ಗ್ರಾಫ್ ಹಾಳೆಗೂ ಒಂದು ಕಾರಣವಿದೆ. ಗುಂಡ ಹರ್ಮನ್ಸ್ ಜಾತಿಯ ನೆಲದಾಮೆ. ಮೂಲ ದಕ್ಷಿಣ ಯುರೋಪು. ಅಲ್ಲಿ ಇದು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ, ಹಾಗಾಗಿ ಸಾಕಣೆಯಲ್ಲಿ ಹುಟ್ಟಿದ ಮರಿಯನ್ನೂ ಕಾಗದಪತ್ರದ ಸಮೇತವೇ ತರಬೇಕು. ಮೈಕ್ರೋಚಿಪ್ ಹಾಕುವಷ್ಟು ದೊಡ್ಡದಾಗದ ಮರಿಗೆ ಬೆನ್ನಿನ ಮತ್ತು ಹೊಟ್ಟೆಯ ಫೋಟೊವೇ ಗುರುತು. ಹೊಟ್ಟೆಯ ಕಪ್ಪು ಮಚ್ಚೆ, ಬಿಲ್ಲೆಗಳ ಸಂದಿ ಒಂದರ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ. ಮರಿ ಬೆಳೆದಂತೆ ಫೋಟೊವನ್ನೂ ಹೊಸದು ಮಾಡುತ್ತಿರಬೇಕು. ಆಮೆಯ ಆಧಾರ್ ಕಾರ್ಡ್ ಅಂದುಕೊಳ್ಳಿ.

ನಮ್ಮಲ್ಲಿ ಕಥೆ ಬೇರೆ. ಕೋಲಾರದ ಕಡೆಯ ಕುರುಚಲು ಕಾಡಿನಲ್ಲಿ ಸಿಗುವ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ ಅದೃಷ್ಟ ಅಂತ ನಂಬುವವರು ಈಗಲೂ ಇದ್ದಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 2022ರ ತಿದ್ದುಪಡಿಯಲ್ಲಿ ಈ ಆಮೆಯನ್ನು ಮೊದಲ ಅನುಸೂಚಿಗೆ ಸೇರಿಸಿದ್ದಾರೆ, ಹುಲಿ ಇರುವ ಪಟ್ಟಿಗೆ. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ಬಂದವು. ಕಳ್ಳಸಾಗಣೆಯಾಗಿ ಅಲ್ಲಿಗೆ ಹೋಗಿದ್ದವು. ಮಾರನೇ ವರ್ಷ ಈ ಜಾತಿಯ ಅಂತರರಾಷ್ಟ್ರೀಯ ವ್ಯಾಪಾರವೂ ಹೆಚ್ಚುಕಡಿಮೆ ಪೂರ್ತಿ ನಿಷೇಧವಾಯಿತು. ಆದ್ದರಿಂದ ಮುಂದೆ ಬರೆಯುವುದೆಲ್ಲ ಗುಂಡನಂತೆ ಕಾಗದಪತ್ರ ಇರುವ ಆಮೆಗಳ ಮಾತು.

ಈಗ ಬೆನ್ನಿಗೆ ಬರೋಣ. ಚಿಪ್ಪು ಆಮೆಯ ಮನೆ ಅಂತ ಚಿಕ್ಕಂದಿನಲ್ಲಿ ಕೇಳಿರುತ್ತೇವೆ. ಮನೆ ಅಂದಮೇಲೆ ಬಿಟ್ಟು ಹೊರಗೆ ಬರಬಹುದು ಅಲ್ವಾ? ಆಮೆಗೆ ಅದು ಸಾಧ್ಯವೇ ಇಲ್ಲ. ಚಿಪ್ಪು ಅದರ ಎಲುಬಿನ ಗೂಡು. ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಅಗಲವಾಗಿ ಹರಡಿ, ಒಂದಕ್ಕೊಂದು ಬೆಸೆದು ಆದದ್ದು. ಮೇಲಿನದು, ಕೆಳಗಿನದು ಸೇರಿ ಹತ್ತಿರ ಹತ್ತಿರ 60 ಮೂಳೆಗಳು. ನಮ್ಮ ಹೆಗಲ ಮೂಳೆ ಪಕ್ಕೆಲುಬಿನ ಹೊರಗಿದೆ. ಆಮೆಯದು ಒಳಗಿದೆ! ಈ ಮೂಳೆಗಳಲ್ಲಿ ರಕ್ತ ಹರಿಯುತ್ತದೆ, ನರಗಳಿವೆ. ಬೆನ್ನು ಕೆರೆದರೆ ಆಮೆಗೆ ಗೊತ್ತಾಗುತ್ತದೆ, ಪೆಟ್ಟಾದರೆ ನೋಯುತ್ತದೆ. ಹಿಂದೆ ಆಮೆ ತಪ್ಪಿಸಿಕೊಳ್ಳದಿರಲಿ ಅಂತ ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟುತ್ತಿದ್ದರು. ಅದು ನಮ್ಮ ಮೂಳೆಗೇ ತೂತು ಕೊರೆದ ಹಾಗೆ.

ಆ ಮೂಳೆಯ ಮೇಲೆ ಕೆರಾಟಿನ್ ಬಿಲ್ಲೆಗಳ ಹೊದಿಕೆ. ನಮ್ಮ ಉಗುರು, ಕೂದಲು ಆಗಿರುವುದೂ ಕೆರಾಟಿನ್‌ನಿಂದಲೇ. ಬೆನ್ನಿನ ನಡುವೆ 13 ದೊಡ್ಡ ಬಿಲ್ಲೆಗಳು, ಸುತ್ತ ಅಂಚಿಗೆ ಚಿಕ್ಕವು. ಇದರಲ್ಲಿ ಒಂದು ಚಂದದ ಕೆಲಸಗಾರಿಕೆ ಇದೆ. ಬಿಲ್ಲೆಗಳ ಸಂದಿಯೂ ಕೆಳಗಿನ ಮೂಳೆಗಳ ಸಂದಿಯೂ ಒಂದರ ಮೇಲೊಂದು ಬರುವುದಿಲ್ಲ. ಗಾರೆ ಕೆಲಸದವರು ಇಟ್ಟಿಗೆ ಕಟ್ಟುವಾಗ ಸಂದಿಯ ಮೇಲೆ ಸಂದಿ ಬರದಂತೆ ಸರಿಸಿ ಇಡುತ್ತಾರಲ್ಲ, ಹಾಗೆ.

ಆಮೆ ಬೆಳೆದಂತೆ ಬಿಲ್ಲೆಯೂ ಬೆಳೆಯಬೇಕು. ಅದು ಬೆಳೆಯುವುದು ಅಂಚಿನಲ್ಲಿ, ಸಂದಿಯ ಜಾಗದಲ್ಲಿ. ಗುಂಡನ ಫೋಟೊದಲ್ಲಿ ಪ್ರತಿ ಬಿಲ್ಲೆಯ ನಟ್ಟನಡುವೆ ಚೂರು ಒರಟಾದ ಒಂದು ತುಣುಕು ಕಾಣುತ್ತದೆ. ಅದು ಅವನು ಮೊಟ್ಟೆಯಿಂದ ಬರುವಾಗಲೇ ಹೊತ್ತು ತಂದ ಬಿಲ್ಲೆ. ಅದರ ಸುತ್ತ ಇರುವ ಗೆರೆಗಳೆಲ್ಲ ಆಮೇಲೆ ಬೆಳೆದವು. ಈ ಗೆರೆ ಎಣಿಸಿ ವಯಸ್ಸು ಹೇಳುವವರಿದ್ದಾರೆ. ನಂಬಬೇಡಿ. ಊಟ ಚೆನ್ನಾಗಿ ಸಿಕ್ಕ ವರ್ಷ ಎರಡು ಮೂರು ಗೆರೆ ಮೂಡಬಹುದು. ಆದರೆ ಆ ಕಾಲ ಹೇಗಿತ್ತು ಅನ್ನುವುದರ ದಾಖಲೆಯಂತೂ ಅದರಲ್ಲಿ ಇರುತ್ತದೆ. ಹೊಸ ಅಂಚು ಮಟ್ಟಸವಾಗಿ ಹೊರಕ್ಕೆ ಬೆಳೆದರೆ ಬೆನ್ನು ನಯ. ಕೆಳಕ್ಕೆ ಬಾಗಿ ಬೆಳೆದರೆ ನಡುಭಾಗ ಗುಡ್ಡವಾಗಿ ಮೇಲೆ ಉಳಿಯುತ್ತದೆ. ಇದಕ್ಕೆ ಪಿರಮಿಡಿಂಗ್ ಅಂತಾರೆ. ಒಮ್ಮೆ ಎದ್ದ ಗುಡ್ಡ ಮತ್ತೆ ಇಳಿಯುವುದಿಲ್ಲ. ಅಕ್ಕನ ಎಣ್ಣೆಯ ಕಥೆ ಅಲ್ಲೇ ಮುಗಿಯಿತು.

ಹಾಗಾದರೆ ಅಂಚು ಕೆಳಕ್ಕೆ ಬಾಗುವುದು ಯಾಕೆ? ಬಹಳ ಕಾಲ ಎಲ್ಲರೂ ಬೈದದ್ದು ಪ್ರೋಟೀನನ್ನು. ಜಾಸ್ತಿ ಪ್ರೋಟೀನ್ ತಿಂದರೆ ಚಿಪ್ಪು ಉಬ್ಬುತ್ತದೆ ಅಂತ. 2003ರಲ್ಲಿ ಆಸ್ಟ್ರಿಯಾದ ವಿಯೆನ್ನಾದಿಂದ ಒಂದು ಅಧ್ಯಯನ ಬಂತು. ಆಫ್ರಿಕಾದ ಸುಲ್ಕಾಟಾ ಆಮೆಯ 50 ಮರಿಗಳನ್ನು ಮೊದಲ 5 ತಿಂಗಳು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿದರು. ಆಮೇಲೆ ಬೆನ್ನಿನ ಉಬ್ಬು ಅಳೆದರು. ಪ್ರೋಟೀನ್‌ನ ಪ್ರಭಾವ ಚೂರೇ ಚೂರು. ದೊಡ್ಡ ವ್ಯತ್ಯಾಸ ಮಾಡಿದ್ದು ಗಾಳಿಯ ತೇವ. ತೇವಾಂಶ 45ರಿಂದ 99 ಶೇಕಡಾ ಇದ್ದ ಕಡೆ ಬೆಳೆದ ಮರಿಗಳ ಉಬ್ಬು ಚಿಕ್ಕದು. ಒಣಗಾಳಿಯಲ್ಲಿ ಬೆಳೆದವುಗಳ ಉಬ್ಬು ದೊಡ್ಡದು.

ಸುಲ್ಕಾಟಾ ಅಂದರೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಪ್ರಾಣಿ. ಅಂಥದ್ದಕ್ಕೆ ತೇವ ಬೇಕಾ ಅಂತ ನನಗೂ ಮೊದಲು ಆಶ್ಚರ್ಯವಾಗಿತ್ತು. ಆದರೆ ಮರಿ ಮರುಭೂಮಿಯ ಬಿಸಿಲಿನಲ್ಲಿ ಕೂತು ಬೆಳೆಯುವುದಿಲ್ಲ. ಬಿಲದೊಳಗೆ, ಹುಲ್ಲಿನ ಬುಡದಲ್ಲಿ, ಮಣ್ಣಿನಡಿ ಅಡಗಿರುತ್ತದೆ. ಎರಡು ಅಡಿ ಬಿಲದೊಳಗಿನ ಗಾಳಿಯೂ ಮೇಲಿನ ಗಾಳಿಯೂ ಒಂದೇ ಅಲ್ಲ. ನಕ್ಷೆ ನೋಡಿ ಪ್ರಾಣಿಯ ಹವೆ ತೀರ್ಮಾನಿಸಿದರೆ ಹೀಗೇ ಎಡವುತ್ತೇವೆ.

ಒಣಗಾಳಿ ಏನು ಮಾಡುತ್ತದೆ ಅನ್ನುವುದಕ್ಕೆ ಆಮೆ ಬಲ್ಲವರು ಕೊಡುವ ವಿವರಣೆ ಸರಳ. ಸಂದಿಯಲ್ಲಿ ಆಗ ತಾನೇ ಬಂದ ಕೆರಾಟಿನ್ ಮೆತ್ತಗಿರುತ್ತದೆ. ತೇವವಿದ್ದರೆ ಬಳುಕುತ್ತಾ ಹೊರಕ್ಕೆ ಹರಡುತ್ತದೆ. ಒಣಗಿದರೆ ಬೇಗ ಬಿರುಸಾಗುತ್ತದೆ. ಹಿಂದಿನಿಂದ ಬರುವ ಹೊಸ ಪದರಕ್ಕೆ ಹೊರಗೆ ದಾರಿಯಿಲ್ಲ, ಕೆಳಕ್ಕೆ ತಿರುಗುತ್ತದೆ. ಎಳೆಯ ಮೂಳೆಯೂ ಅದರ ಆಕಾರಕ್ಕೇ ಒಗ್ಗಿಕೊಳ್ಳುತ್ತದೆ. ನಕ್ಷತ್ರ ಆಮೆಯ ಬಿಲ್ಲೆಗಳು ಕಾಡಿನಲ್ಲೂ ಅಷ್ಟಿಷ್ಟು ಉಬ್ಬಿರುವುದುಂಟು. ಅದು ಆ ಜಾತಿಯ ಗುಣ. ಹರ್ಮನ್ಸ್ ಆಮೆಗೆ ಹಾಗಲ್ಲ.

ಅಕ್ಕನ ಮಗಳ ಜೊತೆ ವೀಡಿಯೊ ಕರೆಯಲ್ಲಿ ಗುಂಡನ ಪೆಟ್ಟಿಗೆ ನೋಡಿದಾಗ ವಿಷಯ ಅರ್ಥವಾಯಿತು. ಯಾವುದೋ ಅಂಗಡಿಯವರು "ಒಣ ಜಾಗದ ಪ್ರಾಣಿ, ಒದ್ದೆ ಮಾಡಬೇಡಿ" ಅಂದಿದ್ದರಂತೆ. ಪೆಟ್ಟಿಗೆ ತುಂಬ ಒಣ ಮರದ ಚೂರು. ಮೇಲೆ ಬಿಸಿ ದೀಪ, ನೇರ ಬೆನ್ನಿಗೆ. ಹೊರಗೆ ಹಿಮ, ಒಳಗೆ ಹಗಲೂ ರಾತ್ರಿ ಹೀಟರ್. ಅಂಥ ಮನೆಯಲ್ಲಿ ತೇವಾಂಶ ಶೇಕಡಾ 30ರ ಹತ್ತಿರ ಇಳಿಯುವುದು ಮಾಮೂಲು. ನಮ್ಮ ತುಟಿಯೇ ಒಡೆಯುತ್ತದೆ. ಇನ್ನು ಅಂಗೈಯಲ್ಲಿ ಹಿಡಿಸುವ ಮರಿಯ ಪಾಡೇನು?

ಮರದ ಚೂರು ಹೊರಗೆ ಹೋಯಿತು. ಅದರ ಜಾಗಕ್ಕೆ ಮಣ್ಣು ಮತ್ತು ತೆಂಗಿನ ನಾರಿನ ಪುಡಿ. ನಮ್ಮ ತಾರಸಿ ತೋಟದವರು ಕೊಕೊಪಿಟ್ ಅಂತಾರಲ್ಲ, ಅದೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಹಿಂಡಿದರೆ ನೀರು ಇಳಿಯಬಾರದು. ಚಕ್ಕುಲಿ ಹಿಟ್ಟಿನ ಹದ ಅಂದೆ. "ನಂಗೆ ಚಕ್ಕುಲಿ ಮಾಡೋಕೆ ಬಂದಿದ್ರೆ ಗೊತ್ತಾಗೋದು ಮಾಮ" ಅಂದಳು. ಒಂದು ಮೂಲೆಯಲ್ಲಿ ಬೋರಲು ಹಾಕಿದ ಕುಂಡ, ಅದರೊಳಗೆ ಒದ್ದೆ ಪಾಚಿ. ಗುಂಡ ಮಲಗುವುದು ಅಲ್ಲಿ. ಪಕ್ಕದಲ್ಲಿ ತೇವ ಅಳೆಯುವ ಮೀಟರು. ಜೊತೆಗೆ ಆಗಾಗ ಉಗುರುಬೆಚ್ಚಗಿನ ನೀರಿನಲ್ಲಿ 15–20 ನಿಮಿಷ ಸ್ನಾನ, ಗದ್ದ ಮುಳುಗದಷ್ಟು ನೀರು. ಅದರಲ್ಲಿ ಗುಂಡ ಕುಡಿಯುತ್ತಾನೆ, ಉಚ್ಚೆ ಹೊಯ್ಯುತ್ತಾನೆ, ಕೆಲವೊಮ್ಮೆ ಎರಡನ್ನೂ ಒಟ್ಟಿಗೆ.

ತೇವ ಅಂದರೆ ಕೆಸರಲ್ಲ. ತಣ್ಣಗೆ, ಒದ್ದೆ, ಗಲೀಜು ಮೂರೂ ಸೇರಿದರೆ ಚಿಪ್ಪು ಕೊಳೆಯಲು ಶುರುವಾಗುತ್ತದೆ. ಬಿಲ್ಲೆಯ ಮೇಲೆ ಬಿಳಿ ಮಚ್ಚೆ, ಗುಳಿ, ಒತ್ತಿದರೆ ಮೆತ್ತಗಿನ ಜಾಗ, ಕೆಟ್ಟ ವಾಸನೆ. ಬ್ಯಾಕ್ಟೀರಿಯಾ ಅಥವಾ ಬೂಷ್ಟಿನ ಕೆಲಸ. ಇದಕ್ಕೆ ಮನೆಮದ್ದು ಬೇಡ, ಸರೀಸೃಪ ಬಲ್ಲ ಪಶುವೈದ್ಯರೇ ನೋಡಬೇಕು.

ಅಷ್ಟಿಷ್ಟು ಗುಡ್ಡವಾದ ಚಿಪ್ಪು ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ, ಆಮೆ ಅದನ್ನು ಹೊತ್ತೇ ಬಹುಕಾಲ ಬದುಕಬಲ್ಲದು. ಮೆತ್ತಗಾಗುವ ಚಿಪ್ಪು ಅದಕ್ಕಿಂತ ಎಷ್ಟೋ ಅಪಾಯ. ಮೊಟ್ಟೆಯಿಂದ ಬಂದ ಹೊಸದರಲ್ಲಿ ಚಿಪ್ಪು ಚೂರು ಬಳುಕುವುದು ಸಹಜ. ತಿಂಗಳುಗಳು ಕಳೆದರೂ ಗಟ್ಟಿಯಾಗದಿದ್ದರೆ, ಅಥವಾ ಗಟ್ಟಿಯಾದದ್ದು ಮತ್ತೆ ಮೆತ್ತಗಾದರೆ, ಒಳಗಿನ ಮೂಳೆ ಸವೆಯುತ್ತಿದೆ ಅಂತ ಅರ್ಥ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ಕಾಯುವುದಿಲ್ಲ, ಮೂಳೆಯಿಂದಲೇ ತೆಗೆಯುತ್ತದೆ. ಸಾಲ ತೀರಿಸಲು ಮನೆಯ ಗೋಡೆಯ ಇಟ್ಟಿಗೆ ಕಿತ್ತು ಮಾರಿದ ಹಾಗೆ.

ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು. ಡಿ3 ತಯಾರಾಗುವುದು ಚರ್ಮದ ಮೇಲೆ ಬಿಸಿಲಿನ ಯುವಿಬಿ ಅನ್ನುವ ನೇರಳಾತೀತ ಕಿರಣ ಬಿದ್ದಾಗ, ಅಂದರೆ ಹೆಚ್ಚುಕಡಿಮೆ 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಬೆಳಕು. ಬಿಸಿಲಿಗೆ ಬಂದ ಆಮೆ ಕುತ್ತಿಗೆ, ಕಾಲು ಎಲ್ಲ ಚಾಚಿ ಸತ್ತಂತೆ ಬಿದ್ದುಕೊಳ್ಳುವುದನ್ನು ನೋಡಿದ್ದೀರಾ? ಅದರ ಸೋಮಾರಿತನ ಅಲ್ಲ ಅದು, ದುಡಿಮೆ. ಅಕ್ಕನ ಮಗಳು ಚಳಿಗಾಲವಿಡೀ ಗುಂಡನನ್ನು ಕಿಟಕಿ ಪಕ್ಕದ ಬಿಸಿಲಲ್ಲಿ ಇಡುತ್ತಿದ್ದಳು. ಆದರೆ ಮಾಮೂಲಿ ಕಿಟಕಿ ಗಾಜು ಯುವಿಬಿಯನ್ನು ಒಳಗೆ ಬಿಡುವುದೇ ಇಲ್ಲ. ಬೆಳಕು ಬರುತ್ತದೆ, ಬಿಸಿ ಬರುತ್ತದೆ, ಬೇಕಾದದ್ದು ಬರುವುದಿಲ್ಲ. ಅದಕ್ಕೇ ಯುವಿಬಿ ದೀಪ. ಅದರಲ್ಲೂ ಒಂದು ಮೋಸವಿದೆ. ದೀಪ ಉರಿಯುತ್ತಲೇ ಇರುತ್ತದೆ, ಯುವಿಬಿ ಮಾತ್ರ ತಿಂಗಳು ಕಳೆದಂತೆ ಕುಗ್ಗುತ್ತದೆ. ಕಣ್ಣಿಗೆ ಅದು ಕಾಣದ ಕಾರಣ ತಯಾರಕರು ಹೇಳಿದ ಅವಧಿಗೆ ಬದಲಿಸುತ್ತಿರಬೇಕು. ಹಾಗಂತ ಡಿ3 ಪುಡಿಯನ್ನು ಕಂಡಕಂಡಂತೆ ಸುರಿಯುವುದೂ ತಪ್ಪು. ಬಿಸಿಲಿನಿಂದ ಬಂದ ಡಿ3 ಜಾಸ್ತಿಯಾದರೆ ಚರ್ಮವೇ ಅದನ್ನು ಬೇಡದ ರೂಪಕ್ಕೆ ತಿರುಗಿಸಿಬಿಡುತ್ತದೆ. ಪುಡಿಗೆ ಆ ತಡೆ ಇಲ್ಲ.

ಊಟದ ವಿಷಯದಲ್ಲಿ ಮಾತ್ರ ಜರ್ಮನಿ ಆಮೆಗೆ ಸ್ವರ್ಗ. ರಸ್ತೆ ಬದಿಯಲ್ಲೆಲ್ಲ ಡ್ಯಾಂಡೆಲಿಯನ್ ಕಳೆ. ಅವರ ಭಾಷೆಯಲ್ಲಿ ಅದರ ಹೆಸರಿನ ಅರ್ಥ ಸಿಂಹದ ಹಲ್ಲು. ಗುಂಡನಿಗೆ ಅದೇ ಮೃಷ್ಟಾನ್ನ. ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಜಾಸ್ತಿ ಇರಬೇಕು, ಎರಡಕ್ಕೆ ಒಂದರಂತೆ ಇದ್ದರೆ ಒಳ್ಳೆಯದು. ಕಾಡು ಸೊಪ್ಪುಗಳಲ್ಲಿ ಇದು ತಾನಾಗಿ ಸಿಗುತ್ತದೆ. ಅಕ್ಕಿ, ಬೇಳೆ, ಬಾಳೆಹಣ್ಣಿನಲ್ಲಿ ಲೆಕ್ಕ ತಲೆಕೆಳಗು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೆಗೆ ದಕ್ಕುವುದು ಕಡಿಮೆ. ಪೆಟ್ಟಿಗೆಯಲ್ಲಿ ಒಂದು ಕಟಲ್‌ಬೋನ್ ತುಂಡೂ ಇದೆ, ಗಿಳಿ ಪಂಜರದಲ್ಲಿ ಸಿಕ್ಕಿಸುತ್ತಾರಲ್ಲ, ಆ ಬಿಳಿ ಹಗುರ ತುಂಡು. ಬೇಕೆನಿಸಿದಾಗ ಗುಂಡ ಬಂದು ಕೆರೆಯುತ್ತಾನೆ.

ಇನ್ನೊಂದು ಸಂಗತಿ ಕೇಳಿ ಅಕ್ಕ ಎರಡು ದಿನ ಮಗಳ ಜೊತೆ ಮಾತು ಬಿಟ್ಟಿದ್ದಳು. ಚಳಿಗಾಲದಲ್ಲಿ ಹರ್ಮನ್ಸ್ ಆಮೆ ಮಣ್ಣಿನಡಿ ನಿದ್ದೆಗೆ ಜಾರುತ್ತದೆ. ಆಗ ಊಟವಿಲ್ಲ, ಬೆಳವಣಿಗೆಯೂ ನಿಲ್ಲುತ್ತದೆ. ವರ್ಷಪೂರ್ತಿ ಬೆಚ್ಚಗಿಟ್ಟು ತಿನ್ನಿಸಿದರೆ ಮರಿ ಕಾಡಿಗಿಂತ ಎಷ್ಟೋ ವೇಗವಾಗಿ ಬೆಳೆಯುತ್ತದೆ. ಒಣಗಾಳಿಯ ಜೊತೆ ಆ ಓಟವೂ ಸೇರಿದರೆ ಚಿಪ್ಪಿಗೆ ಒಳ್ಳೆಯದಲ್ಲ. ಹಾಗಾಗಿ ಅಲ್ಲಿ ಅನೇಕರು ಆಮೆಯನ್ನು ಮಣ್ಣು ತುಂಬಿದ ಡಬ್ಬಿಯಲ್ಲಿಟ್ಟು ಪ್ರತ್ಯೇಕ ಫ್ರಿಜ್‌ನಲ್ಲಿ 4ರಿಂದ 6 ಡಿಗ್ರಿಯಲ್ಲಿ ಮಲಗಿಸುತ್ತಾರೆ. ಮೊದಲು ವೈದ್ಯರು ಆರೋಗ್ಯ ನೋಡಬೇಕು, ಹೊಟ್ಟೆ ಖಾಲಿಯಾಗಿರಬೇಕು, ಆಗಾಗ ಬಾಗಿಲು ತೆಗೆದು ಗಾಳಿ ಆಡಿಸಿ ತೂಕ ನೋಡುತ್ತಿರಬೇಕು. ಈ ಸಲ ಗುಂಡನೂ ಕೆಲವು ವಾರ ಮಲಗಿದ. "ಜೀವ ಇರೋದನ್ನ ಫ್ರಿಜ್ಜಲ್ಲಿ ಇಡ್ತಾರೇನೇ!" ಅಂತ ಅಕ್ಕನ ಗೋಳು.

ಎಣ್ಣೆ ಯಾಕೆ ಬೇಡ ಅಂತ ಅಕ್ಕನಿಗೆ ನಾಲ್ಕು ಸಲ ಹೇಳಿದ್ದೇನೆ. ಚಿಪ್ಪು ಬೆಳೆಯುವುದು ಒಳಗಿನಿಂದ. ಮೇಲೆ ಸವರಿದ ಎಣ್ಣೆ ಒಂದು ಗಂಟೆ ಮಿರುಗುತ್ತದೆ, ಆಮೇಲೆ ಧೂಳು ಮೆತ್ತಿಕೊಂಡು ಸಂದಿಯಲ್ಲಿ ಕೂರುತ್ತದೆ. ಬಣ್ಣ, ವಾರ್ನಿಷ್ ಅಂತೂ ದೂರವೇ ಇರಲಿ. ಕೊಳೆಯಾದರೆ ಮೆತ್ತಗಿನ ಬ್ರಷ್ಷು, ಬರೀ ನೀರು.

ಕಳೆದ ವಾರ ಹೊಸ ಫೋಟೊ ಬಂತು, ಮತ್ತೆ ಗ್ರಾಫ್ ಹಾಳೆ. ಗುಂಡ ಈಗ 8 ಸೆಂಟಿಮೀಟರ್. ಹಳೆಯ ಗುಡ್ಡಗಳು ಇದ್ದ ಹಾಗೇ ಇವೆ. ಆದರೆ ಅವುಗಳ ಬುಡದ ಸುತ್ತ, ಬಿಲ್ಲೆ ಬಿಲ್ಲೆಗೂ, ತಿಳಿ ಹಳದಿಯ ಒಂದು ಹೊಸ ಪಟ್ಟಿ. ದೊಡ್ಡದು ಮಾಡಿ ನೋಡಿದೆ. ಸಂದಿಯವರೆಗೂ ಮಟ್ಟಸ, ಎಲ್ಲೂ ಕೆಳಗೆ ಇಳಿದಿಲ್ಲ. ಅಕ್ಕನಿಗೆ ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ: "ನೋಡಿದ್ಯಾ, ಎಣ್ಣೆ ಹಚ್ಚಿದಾಳೆ ಅನ್ಸುತ್ತೆ."