ಓದುಗರ ಪ್ರಶ್ನೆ: ಅಟ್ಟದ ಮೇಲಿನ ಡಬ್ಬಾ ಟಿವಿ ಹಳೇ ಕಂಪ್ಯೂಟರ್‌ಗೆ ಮಾನಿಟರ್ ಆಗುತ್ತಾ?

"ಶಾಲೆಯ ಹಳೇ ಸಾಮಾನು ಹರಾಜಿನಲ್ಲಿ ಬಿಬಿಸಿ ಮೈಕ್ರೊ ಅನ್ನೋ ಒಂದು ಹಳೇ ಕಂಪ್ಯೂಟರ್ ಸಿಕ್ಕಿತು. ಮಾನಿಟರ್ ಇಲ್ಲ. ಅಟ್ಟದ ಮೇಲೆ ಅಪ್ಪನ ಕಾಲದ ಕಲರ್ ಟಿವಿ ಇದೆ. ಅದಕ್ಕೇ ಜೋಡಿಸಬಹುದಾ ಸರ್?" ಚಿತ್ರದುರ್ಗದ ಓದುಗರೊಬ್ಬರು ಕೇಳಿದ್ದಾರೆ.

ಧಾರಾಳವಾಗಿ ಜೋಡಿಸಿ. 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಈ ಯಂತ್ರ ಮನೆಯ ಟಿವಿಗೂ ಹೊಂದುವಂತೆ ಮಾಡಿದ್ದು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೂ ಬಂತು. ಅಲ್ಲಿಯಂತೆ ಇಲ್ಲೂ ಆ ಕಾಲದ ಕಲರ್ ಟಿವಿ ಪಾಲ್ ಎಂಬ ಪ್ರಸಾರ ಪದ್ಧತಿಯದೇ: 625 ಗೆರೆ, ಸೆಕೆಂಡಿಗೆ 50 ಸಲ. ಹಾಗಾಗಿ ಚಿತ್ರ ಉರುಳದೆ ನಿಲ್ಲುತ್ತದೆ.

ಆದರೆ ಪ್ಲಗ್ ಚುಚ್ಚುವ ಆತುರ ಬೇಡ. ಇಷ್ಟು ವರ್ಷ ಸುಮ್ನೆ ಕೂತ ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಹಳದಿ ಗಾಜಿನಂತೆ ಕಾಣುವ, ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಿರುತ್ತವೆ. ಮೈಮೇಲೆ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತವೆ. ಬಿರುಕಿನಲ್ಲಿ ತೇವ ಸೇರಿ, ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ಮನೆ ತುಂಬ ಹೊಗೆ. ಟಿವಿ ರಿಪೇರಿ ಗೊತ್ತಿರುವವರ ಕೈಲಿ ಮೊದಲು ಅವನ್ನು ಬದಲಾಯಿಸಿ.

ಈಗ ಟಿವಿಯ ಬೆನ್ನು ನೋಡಿ. ಹೊರಗಿನ ಚಿತ್ರವನ್ನು ಟಿವಿಗೆ ಕೊಡುವ ಹಳದಿ ಬಣ್ಣದ ಎವಿ ಇನ್ ಸಾಕೆಟ್ ಇದ್ದರೆ ಅರ್ಧ ಕೆಲಸ ಮುಗಿಯಿತು. ಕಂಪ್ಯೂಟರ್ ಹಿಂದೆ 'ವಿಡಿಯೊ ಔಟ್' ಎಂಬ, ಪಿನ್ ತಿರುಗಿಸಿ ಬಿಗಿಯುವ ದುಂಡನೆಯ ಬಿಎನ್‌ಸಿ ಸಾಕೆಟ್ ಇದೆ. ಎರಡನ್ನೂ ಸೇರಿಸುವ ಪಿನ್ ಎಲ್ಲಿ ಸಿಗುತ್ತೆ ಅಂತ ದಾವಣಗೆರೆಯಲ್ಲಿ ನಾನೂ ರೇಡಿಯೊ ಅಂಗಡಿಗಳನ್ನೆಲ್ಲ ಸುತ್ತಿದ್ದೆ. ಕೊನೆಗೆ ಸಿಕ್ಕಿದ್ದು ಸಿಸಿಟಿವಿ ಕ್ಯಾಮೆರಾ ಹಾಕುವವರ ಹತ್ತಿರ! ಅವರು ದಿನಾ ಬಳಸುವುದೇ ಬಿಎನ್‌ಸಿ.

ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಗಾಬರಿಯಾಗಬೇಡಿ. ಈ ಸಾಕೆಟ್‌ನಲ್ಲಿ ಬಣ್ಣ ಬರಬೇಕಾದರೆ ಒಳಗಿನ ಬೋರ್ಡಿನಲ್ಲಿ ಎಸ್39 ಎಂಬ ಲಿಂಕ್, ಅಂದರೆ ಎರಡು ತುದಿ ಸೇರಿಸುವ ಪುಟ್ಟ ಕೊಂಡಿ, ಜೋಡಿಸಬೇಕು. ನನ್ನ ಮಾತು ಕೇಳಿದರೆ ಅದನ್ನು ಮುಟ್ಟಬೇಡಿ. ಬಣ್ಣ ಸೇರಿದರೆ ಅಕ್ಷರದ ಅಂಚಿನಲ್ಲಿ ಚುಕ್ಕಿಗಳು ಇರುವೆ ಸಾಲಿನಂತೆ ಹರಿದಾಡುತ್ತವೆ. ಕಪ್ಪು-ಬಿಳುಪಿನಲ್ಲಿ ಅಕ್ಷರ ಎಷ್ಟು ಚೊಕ್ಕ ಅಂತ ನೀವೇ ನೋಡಿ.

ಎವಿ ಇಲ್ಲದ ಟಿವಿಯಾದರೆ ಆಂಟೆನಾ ಸಾಕೆಟ್ಟೇ ಗತಿ. ಕಂಪ್ಯೂಟರಿನ 'ಯುಎಚ್‌ಎಫ್ ಔಟ್'ನಿಂದ (ಯುಎಚ್‌ಎಫ್ ಅಂದರೆ ಟಿವಿಯ ಮೇಲಿನ ತರಂಗಪಟ್ಟಿ) ವೈರ್ ಎಳೆದು, 36ನೇ ಚಾನೆಲ್ ಸುತ್ತಮುತ್ತ ಟ್ಯೂನ್ ಮಾಡಿ. ಇದರಲ್ಲಿ ಬಣ್ಣ ತಾನಾಗಿ ಬರುತ್ತದೆ, ಸ್ವಲ್ಪ ಮಸುಕು ಅಷ್ಟೇ. ಕಟಕಟ ಅಂತ ಗುಂಡಿ ತಿರುಗಿಸುವ, ಬರೀ ಕೆಳಗಿನ ತರಂಗಪಟ್ಟಿಯಾದ ವಿಎಚ್‌ಎಫ್ ಹಿಡಿಯುವ ಹಳೇ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟುಗಳಲ್ಲಿ ಇದು ಸಿಗುವುದಿಲ್ಲ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಟಿವಿ ಬಿಚ್ಚಿ ಒಳಗೆ ನೀವೇ ಎವಿ ಸಾಕೆಟ್ ಬೆಸುಗೆ ಹಾಕಲು ಹೋಗಬೇಡಿ. ಎಷ್ಟೋ ಹಳೇ ಸೆಟ್ಟುಗಳಲ್ಲಿ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಮೇನ್ಸ್ ಕರೆಂಟು ತಾಗಿರುತ್ತದೆ. ಆಂಟೆನಾ ಸಾಕೆಟ್ಟಿಗೆ ಮಾತ್ರ ತಡೆ ಇಟ್ಟಿರುತ್ತಾರೆ. ನೀವು ಎಳೆದ ವೈರಿನಲ್ಲಿ ಆ ಕರೆಂಟು ನೇರ ಕೀಬೋರ್ಡಿಗೇ ಬರಬಹುದು. ಇನ್ನು ಕಲರ್ ಪಿಕ್ಚರ್ ಟ್ಯೂಬಿಗೆ ಹೋಗುವುದು 20,000 ವೋಲ್ಟಿಗೂ ಜಾಸ್ತಿ. ಸ್ವಿಚ್ ಆಫ್ ಮಾಡಿದ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರುತ್ತದೆ.

ಆನ್ ಮಾಡಿದಾಗ ಕಂಪ್ಯೂಟರ್ ಒಂದು ದಪ್ಪ ದನಿ, ಹಿಂದೆಯೇ ಒಂದು ಸಣ್ಣ 'ಬೀಪ್' ಕೊಡಬೇಕು. ಎರಡೂ ಕೇಳಿಸಿ ಚಿತ್ರ ಬರದಿದ್ದರೆ ಕಂಪ್ಯೂಟರ್ ಜೀವಂತವಾಗಿದೆ, ವೈರೋ ಟ್ಯೂನಿಂಗೋ ನೋಡಿಕೊಳ್ಳಿ. ಶಬ್ದ ಟಿವಿಯಲ್ಲಿ ಬರುವುದಿಲ್ಲ, ಕಂಪ್ಯೂಟರ್ ಒಳಗೇ ಪುಟ್ಟ ಸ್ಪೀಕರ್ ಇದೆ.

ಪರದೆಯ ಮೇಲೆ ಅಕ್ಷರ ತೋರಿಸುವ ರೀತಿಗೆ ಇದರಲ್ಲಿ ಮೋಡ್ ಅಂತಾರೆ. ಆನ್ ಆದಾಗ ಬರುವ ಮೋಡ್ 7ರಲ್ಲಿ ಸಾಲಿಗೆ 40 ಅಕ್ಷರ. ಟಿವಿಗೆ ಹೇಳಿ ಮಾಡಿಸಿದ ಅಳತೆ. ಮೋಡ್ 0ರಲ್ಲಿ 80 ಅಕ್ಷರ, ಟಿವಿಯಲ್ಲಿ ಓದಲು ಕಣ್ಣು ನೋಯುತ್ತದೆ. ಮೇಲಿನ ಸಾಲು ಪರದೆಯ ಅಂಚಿನಲ್ಲಿ ಮರೆಯಾದರೆ ನಕ್ಷತ್ರದ ಗುರುತು ಹಾಕಿ ಇಂಗ್ಲಿಷಿನಲ್ಲಿ 'ಟಿವಿ 255' (*TV 255) ಅಂತ ಟೈಪ್ ಮಾಡಿ ರಿಟರ್ನ್ ಒತ್ತಿ. ಆಮೇಲೆ ಹಾಗೇ 'ಮೋಡ್ 7' (MODE 7) ಕೊಡಿ. ಇಡೀ ಪುಟ ಒಂದು ಸಾಲು ಕೆಳಗೆ ಇಳಿಯುತ್ತದೆ.