ಬೆಣಚುಕಲ್ಲು ಆವಿಯಾಗುವ ಬಗೆ

ಕಲ್ಲಿದ್ದಲು ಉರಿದು ಬೂದಿಯಾಗುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ನಿಜವಾಗಿ ಉರಿಯುವ ಭಾಗ ಗಾಳಿಯಲ್ಲಿ ಸೇರಿಹೋಗುತ್ತದೆ. ಬೂದಿಯಾಗಿ ಉಳಿಯುವುದು ಎಂದೂ ಉರಿಯದ ಮಣ್ಣು. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ, ಭಾರತ ಇನ್ನೂ ಗೊಂಡ್ವಾನಾ ಮಹಾಖಂಡದ ಭಾಗವಾಗಿದ್ದಾಗ, ಗ್ಲಾಸಾಪ್ಟೆರಿಸ್ ಮರಗಳ ಕಾಂಡ, ಕೊಂಬೆ, ಎಲೆಗಳನ್ನು ಹೊಳೆಗಳು ಹೊತ್ತು ತಂದು ತಗ್ಗುಗಳಲ್ಲಿ ತುಂಬಿದವು. ಜೊತೆಯಲ್ಲೇ ಕೆಸರೂ ಬಂತು. ನಮ್ಮ ಕಲ್ಲಿದ್ದಲಿನಲ್ಲಿ ಶೇ 30ರಿಂದ 45ರವರೆಗೆ ಬೂದಿ ಇರುವುದಕ್ಕೆ ಭೂವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ಕಾರಣ ಇದು. ತೆಲಂಗಾಣದ ಸಿಂಗರೇಣಿಯಿಂದಲೋ ಒಡಿಶಾದ ಗಣಿಗಳಿಂದಲೋ ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರಕ್ಕೆ ಬರುವ ಸುಮಾರು 4,000 ಟನ್ನಿನ ಒಂದೊಂದು ರೇಕ್‌ನಲ್ಲೂ (ಗೂಡ್ಸ್ ರೈಲಿನಲ್ಲೂ) ಸಾವಿರ ಟನ್ನಿಗೆ ಮೀರಿ ಆ ಹಳೆಯ ಹೊಳೆಗಳ ಮಣ್ಣೇ ಇರುತ್ತದೆ.

ಈ ಮಣ್ಣಿನ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಶೇಕಡಾ ಎಷ್ಟು ಎಂಬಲ್ಲಿಗೇ ಮಾತು ನಿಂತುಬಿಡುತ್ತದೆ. ಗಣಿಯಿಂದ 500 ಕಿಲೋಮೀಟರಿಗಿಂತ ದೂರದ ಸ್ಥಾವರಗಳಿಗೆ ಶೇ 34ಕ್ಕಿಂತ ಹೆಚ್ಚು ಬೂದಿಯ ಕಲ್ಲಿದ್ದಲು ಹೋಗಕೂಡದು ಎಂಬ ನಿಯಮವನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಮೇ ತಿಂಗಳಲ್ಲಿ ಕೈಬಿಟ್ಟಾಗಲೂ ಹೀಗೇ ಆಯಿತು. ಬೂದಿ ಜಾಸ್ತಿಯಾದರೆ ಹೊಗೆ ಜಾಸ್ತಿ ಎಂದರು ಒಬ್ಬರು, ಚಿಮಣಿಯ ಕೆಳಗೇ ಹಿಡಿದುಹಾಕುತ್ತೇವಲ್ಲ ಎಂದರು ಇನ್ನೊಬ್ಬರು. ಆ ಮಣ್ಣಿನಲ್ಲಿ ಯಾವ ಖನಿಜವಿದೆ, ಅದು ಇದ್ದಿಲಿನ, ಅಂದರೆ ಕಲ್ಲಿದ್ದಲಿನ ಉರಿಯುವ ಭಾಗದ, ಕಣದಲ್ಲಿ ಎಲ್ಲಿ ಕೂತಿದೆ ಎಂದು ಕೇಳಿದವರು ಕಡಿಮೆ. ಉಸಿರಾಟದ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಇದೇ.

ಬಾಯ್ಲರಿಗೆ ಹೋಗುವ ಮುಂಚೆ ಕಲ್ಲಿದ್ದಲನ್ನು ಗಿರಣಿಯಲ್ಲಿ ಅರೆಯುತ್ತಾರೆ. ಹೆಚ್ಚಿನ ಪಾಲು 75 ಮೈಕ್ರಾನ್ ಜರಡಿಯಲ್ಲಿ ಇಳಿಯುವಷ್ಟು ನುಣ್ಣಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಆಗ ಖನಿಜಗಳು ಎರಡು ಪಾಲಾಗುತ್ತವೆ. ಕೆಲವು ಇದ್ದಿಲಿನಿಂದ ಬಿಡಿಸಿಕೊಂಡು ಬೇರೆ ಹರಳುಗಳಾಗುತ್ತವೆ. ಉಳಿದವು ಇದ್ದಿಲಿನ ಕಣದ ಒಳಗೇ ಹುದುಗಿರುತ್ತವೆ. ಅಕ್ಕಿಯಲ್ಲಿನ ಕಲ್ಲನ್ನು ಆರಿಸಬಹುದು, ಹಿಟ್ಟಿನಲ್ಲಿ ಬೆರೆತ ಮಣ್ಣನ್ನು ಆರಿಸಲಾಗದು. ಕಲ್ಲಿದ್ದಲು ತೊಳೆಯುವ ಘಟಕಗಳು ತೆಗೆಯುವುದು ಬಹುಪಾಲು ಮೊದಲ ಬಗೆಯದನ್ನು. ತೊಳೆಯುವುದರಿಂದ ಸಾಗಣೆಯ ಖರ್ಚು ಇಳಿಯುತ್ತದೆ, ಬಾಯ್ಲರ್ ಕೊಳವೆಗಳ ಸವೆತ ತಗ್ಗುತ್ತದೆ. ಅದು ಬೇಕೇ ಬೇಕು. ಆದರೆ ಬಿಡಿ ಹರಳುಗಳು ಹೇಗೂ ದಪ್ಪ ಕಣಗಳಾಗಿ ಸುಲಭವಾಗಿ ಸಿಕ್ಕಿಬೀಳುವಂಥವು. ತೊಂದರೆ ಕೊಡುವ ಸೂಕ್ಷ್ಮ ಕಣಗಳು ಹುಟ್ಟುವುದು ಒಳಗೆ ಹುದುಗಿದ ಖನಿಜದಿಂದ. ಹಾಗಾಗಿ ಬೂದಿ ಶೇ 10ರಷ್ಟು ಇಳಿಯಿತು ಎಂದ ಮಾತ್ರಕ್ಕೆ ಸೂಕ್ಷ್ಮ ಕಣಗಳೂ ಅಷ್ಟೇ ಇಳಿದವು ಎನ್ನುವಂತಿಲ್ಲ.

ಕುಲುಮೆಯಲ್ಲಿ 1,400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಇರುತ್ತದೆ. ಇದ್ದಿಲು ಉರಿಯುತ್ತ ಕುಗ್ಗಿದಂತೆ ಒಳಗಿನ ಜೇಡಿಖನಿಜಗಳು ಕರಗಿ ಒಂದಕ್ಕೊಂದು ಅಂಟಿಕೊಂಡು ಗಾಜಿನ ಗುಂಡುಗಳಾಗುತ್ತವೆ. ಕಣ ನಡುವೆಯೇ ಒಡೆದರೆ ಒಂದು ಗುಂಡಿನ ಬದಲು ಹತ್ತಾರು ಸಣ್ಣ ಗುಂಡುಗಳಾಗುತ್ತವೆ. ಹಾರುಬೂದಿಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಎಲ್ಲೆಲ್ಲೂ ಇವೇ. ಕೆಲವಕ್ಕೆ ಹೊಟ್ಟೆ ಟೊಳ್ಳು, ಬೂದಿಹೊಂಡದ ನೀರಿನ ಮೇಲೆ ತೇಲುತ್ತವೆ. ಅದೇ ಬೂದಿಯೊಳಗೆ ಒಂದು ಅಯಸ್ಕಾಂತ ಆಡಿಸಿದರೆ ಕಪ್ಪು ಗುಂಡುಗಳು ಅಂಟಿಕೊಂಡು ಬರುತ್ತವೆ. ಪೈರೈಟ್‌ನಂಥ ಕಬ್ಬಿಣದ ಖನಿಜಗಳು ಕರಗಿ, ಆಮ್ಲಜನಕ ಸೇರಿ, ಮ್ಯಾಗ್ನೆಟೈಟ್ ಆಗಿರುವುದು ಹಾಗೆ.

ನನಗೆ ಎಲ್ಲಕ್ಕಿಂತ ಅಚ್ಚರಿ ಬೆಣಚುಕಲ್ಲಿನದು. ಅದು ಕರಗಲು 1,700 ಡಿಗ್ರಿ ಬೇಕು, ಕುದಿಯಲು ಇನ್ನೂ ಎಷ್ಟೋ ಹೆಚ್ಚು. ಆದರೂ ಚಿಮಣಿಯತ್ತ ಸಾಗುವ ಅತಿ ಸಣ್ಣ ಕಣಗಳಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನದೇ ವಸ್ತು, ಸಿಗುತ್ತದೆ. ಅದು ಆವಿಯಾಗಿದ್ದು ಹೇಗೆ? ಉತ್ತರ ಇದ್ದಿಲಿನ ಕಣದ ಹೊಟ್ಟೆಯಲ್ಲಿದೆ. ಅಲ್ಲಿ ಆಮ್ಲಜನಕಕ್ಕೆ ಬರ, ಕಾರ್ಬನ್ ಮಾನಾಕ್ಸೈಡ್ ಮಾತ್ರ ಧಾರಾಳ. ಈ ಅನಿಲ ಬೆಣಚಿನ ಸಿಲಿಕಾದಿಂದ ಒಂದು ಆಮ್ಲಜನಕ ಪರಮಾಣುವನ್ನು ಕಿತ್ತುಕೊಳ್ಳುತ್ತದೆ. ಉಳಿಯುವುದು ಸಿಲಿಕಾನ್ ಮಾನಾಕ್ಸೈಡ್, ಆ ಬಿಸಿಯಲ್ಲಿ ಅದೊಂದು ಅನಿಲ. ಕಣದ ರಂಧ್ರಗಳಿಂದ ನುಸುಳಿ ಹೊರಬಂದೊಡನೆ ಅದಕ್ಕೆ ಆಮ್ಲಜನಕ ಸಿಗುತ್ತದೆ, ಮತ್ತೆ ಸಿಲಿಕಾ ಆಗುತ್ತದೆ. ಆದರೆ ಈಗ ಹರಳಲ್ಲ, ಕೆಲವೇ ನ್ಯಾನೋಮೀಟರಿನ ಹನಿ. ಹನಿಗಳು ಡಿಕ್ಕಿ ಹೊಡೆದು ಕೂಡಿಕೊಂಡು ಮೈಕ್ರಾನಿನ ಹತ್ತನೆಯ ಒಂದು ಭಾಗದಷ್ಟು ಬೆಳೆಯುತ್ತವೆ. ಇದ್ದಿಲಿನಿಂದ ಬೇರ್ಪಟ್ಟ ಬೆಣಚಿನ ಹರಳಿಗೆ ಈ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಅದರ ಸುತ್ತ ಆಮ್ಲಜನಕ ಇದ್ದೇ ಇರುತ್ತದೆ. ಖನಿಜ ಒಂದೇ, ಕೂತ ಜಾಗ ಬೇರೆ, ಫಲ ಪೂರ್ತಿ ಬೇರೆ.

ತೂಕದಲ್ಲಿ ಈ ಕಣಗಳು ಅಲ್ಪ. ಆದರೆ 10 ಮೈಕ್ರಾನಿನ ಒಂದು ಗುಂಡನ್ನು 0.1 ಮೈಕ್ರಾನಿನ ಗುಂಡುಗಳಾಗಿ ಒಡೆದರೆ ಹತ್ತು ಲಕ್ಷ ಕಣಗಳಾಗುತ್ತವೆ, ಮೇಲ್ಮೈ ನೂರು ಪಟ್ಟು ಹೆಚ್ಚುತ್ತದೆ. ಹೊಗೆ ತಣಿಯುವಾಗ ಆರ್ಸೆನಿಕ್, ಸೆಲೆನಿಯಂ, ಸೀಸದ ಆವಿಗಳು ಬಂದು ಕೂರುವುದು ಆ ಮೇಲ್ಮೈಯ ಮೇಲೆ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಕಣಗಳೂ ಇವೇ. ಚಿಮಣಿಯಿಂದ ಹೊರಬೀಳುವ ಕಣಗಳಿಗೆ ನಮ್ಮ 2015ರ ಮಾನದಂಡವಾದರೋ ಸ್ಥಾವರದ ವಯಸ್ಸಿಗೆ ತಕ್ಕಂತೆ ಘನಮೀಟರಿಗೆ 100, 50 ಅಥವಾ 30 ಮಿಲಿಗ್ರಾಂ ಎನ್ನುತ್ತದೆ. ಅಂದರೆ ತೂಕವನ್ನಷ್ಟೇ ಅಳೆಯುತ್ತದೆ.

ಹೊಗೆಯಲ್ಲಿನ ಕಣಗಳನ್ನು ಹಿಡಿಯುವ ಯಂತ್ರದ ಕಥೆಯಲ್ಲೂ ಖನಿಜದ ಪಾತ್ರವಿದೆ. ಕ್ಯಾಲಿಫೋರ್ನಿಯಾದಲ್ಲಿ ಗಂಧಕಾಮ್ಲದ ಮಂಜನ್ನು ಹಿಡಿಯಲು ಹೊರಟ ಫ್ರೆಡರಿಕ್ ಕಾಟ್ರೆಲ್ 1908ರಲ್ಲಿ ಪೇಟೆಂಟ್ ಪಡೆದ ಉಪಕರಣವೇ ಇಂದಿನ ಇಎಸ್‌ಪಿಗೆ (ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್) ಮೂಲ. ಕಣಗಳಿಗೆ ವಿದ್ಯುದಾವೇಶ ಕೊಟ್ಟು ಲೋಹದ ಫಲಕಕ್ಕೆ ಎಳೆಯುವುದು ಅದರ ಕೆಲಸ. ದಪ್ಪ ಕಣಗಳನ್ನು ಚೆನ್ನಾಗಿ ಹಿಡಿಯುವ ಅದು ಅತಿ ದುರ್ಬಲವಾಗುವುದು 0.1ರಿಂದ 1 ಮೈಕ್ರಾನಿನ ನಡುವೆ. ಗಂಧಕ ಹೆಚ್ಚಿದ್ದ ಕಲ್ಲಿದ್ದಲಿನಲ್ಲಿ ಬೂದಿಯ ಮೇಲೆ ಆಮ್ಲದ ತೆಳು ಪೊರೆ ಕೂತು ವಿದ್ಯುತ್ ಹರಿಯಲು ನೆರವಾಗುತ್ತದೆ. ನಮ್ಮದರಲ್ಲಿ ಗಂಧಕ ಕಡಿಮೆ, ಸಿಲಿಕಾ ಮತ್ತು ಅಲ್ಯುಮಿನಾ ಜಾಸ್ತಿ. ಫಲಕದ ಮೇಲೆ ಕೂತ ಬೂದಿಪದರ ಆವೇಶವನ್ನು ಬಿಟ್ಟುಕೊಡದೆ, ಒಳಗೇ ಕಿಡಿಯೊಡೆದು, ಹಿಡಿದ ಕಣಗಳನ್ನು ಮತ್ತೆ ಹೊಗೆಗೆ ದೂಡುತ್ತದೆ. ನಮ್ಮ ಇಎಸ್‌ಪಿಗಳು ಅಷ್ಟು ದೊಡ್ಡದಾಗಿರಬೇಕಾದ್ದು ಇದರಿಂದ. ಕೆಲವೆಡೆ ಹೊಗೆಗೆ ಅಮೋನಿಯಾ ಬೆರೆಸುವುದೂ ಇದೇ ಕಾರಣಕ್ಕೆ.

ಖನಿಜವೆಲ್ಲ ಕೆಟ್ಟದ್ದು ಎನ್ನುವುದೂ ತಪ್ಪು. ಪಿಂಗಾಣಿಗೆ ಬಳಸುವ ಬಿಳಿ ಜೇಡಿಮಣ್ಣು, ಕೆಯೋಲಿನೈಟ್, ನಮ್ಮ ಕಲ್ಲಿದ್ದಲಿನಲ್ಲಿ ಹೇರಳವಾಗಿದೆ. ಸುಟ್ಟು ನೀರು ಬಿಟ್ಟ ಮೇಲೆ ಅದು ಸೋಡಿಯಂ, ಪೊಟ್ಯಾಸಿಯಂ ಆವಿಯನ್ನು, ಸೀಸ ಕ್ಯಾಡ್ಮಿಯಂಗಳನ್ನೂ ರಾಸಾಯನಿಕವಾಗಿ ಕಟ್ಟಿಹಾಕುತ್ತದೆ. ಸೂಕ್ಷ್ಮ ಕಣವಾಗಬೇಕಿದ್ದ ಆವಿ ದಪ್ಪ ಕಣದೊಳಗೆ ಸೇರಿ ಇಎಸ್‌ಪಿಗೆ ಸಿಗುತ್ತದೆ. ಹುಲ್ಲು, ಕಟ್ಟಿಗೆ ಉರಿಸುವ ಬಾಯ್ಲರುಗಳಲ್ಲಿ ಇದನ್ನು ಬೇಕೆಂದೇ ಬೆರೆಸಿ ನೋಡಿದ್ದಾರೆ. ಷರತ್ತು ಒಂದೇ: ಆವಿ ಗಟ್ಟಿಯಾಗುವ ಮೊದಲೇ ಜೇಡಿಮಣ್ಣು ಅದರ ಬಳಿ ಇರಬೇಕು, ಬಿಸಿ ವಿಪರೀತ ಏರಿ ಅದರ ರಂಧ್ರಗಳು ಕರಗಿ ಮುಚ್ಚಿರಬಾರದು.